ಹೊಸ ಯಂತ್ರದಲ್ಲಿ ಹಳೆಯ ರಿಕವರಿ ಡಿಸ್ಕ್ ಬೂಟ್ ಆಗದಿದ್ದರೆ: ನಿಂತ ಜಾಗ ನೋಡಿ ದೋಷ ಹಿಡಿಯುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಆಸುಪಾಸಿನಲ್ಲಿ ಎಷ್ಟೋ ಮನೆ, ಅಂಗಡಿ, ಸಣ್ಣ ಕಚೇರಿಗಳಲ್ಲಿ ಹಳೆಯ ಕಂಪ್ಯೂಟರ್ ಹೋಗಿ ಹೊಸದು ಬಂತು. ಕೆಟ್ಟ ಯಂತ್ರವನ್ನು ಎಬ್ಬಿಸಲೆಂದು ಬೀರುವಿನಲ್ಲಿಟ್ಟಿದ್ದ ರಿಕವರಿ ಡಿಸ್ಕ್ (ಸಿ.ಡಿ.ಯೋ ಪೆನ್‌ಡ್ರೈವೋ) ಮಾತ್ರ ಹಳೆಯದೇ ಉಳಿಯಿತು. ಹೊಸ ಯಂತ್ರ ಕೈಕೊಟ್ಟ ದಿನ ಆ ಡಿಸ್ಕನ್ನು ತಂದು ಹಾಕಿದಾಗ ಕಪ್ಪು ಪರದೆ, ಅರ್ಥವಾಗದ ಇಂಗ್ಲಿಷ್ ಸಾಲು ಅಥವಾ ಏನೂ ಆಗದೆ ಮತ್ತೆ ಅದೇ ಕೆಟ್ಟ ವಿಂಡೋಸ್. ಅದೇ ಡಿಸ್ಕನ್ನು ಹಳೆಯ ಕಂಪ್ಯೂಟರಿಗೆ ಹಾಕಿದರೆ ಸಲೀಸಾಗಿ ಬೂಟ್ ಆಗುತ್ತದೆ. ಹೀಗಾಗಿ ಹೊಸ ಯಂತ್ರವೇ ಹಾಳಾಗಿದೆ ಎಂದು ಜನ ತೀರ್ಮಾನಿಸುತ್ತಾರೆ. ಯಾರೋ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುತ್ತಾರೆ. ಉಳಿಸಬಹುದಾಗಿದ್ದ ಕಡತಗಳು ಹೋಗಿಬಿಡುತ್ತವೆ. ಇದನ್ನು ತಪ್ಪಿಸಬೇಕೆಂಬ ಕಾಳಜಿಯಿಂದಲೇ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ಡಿಸ್ಕ್ ಬೂಟ್ ಆಗುವುದೆಂದರೆ ಒಂದರ ಹಿಂದೊಂದು ನಡೆಯುವ ಹಸ್ತಾಂತರ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ (ಸ್ವಿಚ್ ಹಾಕಿದೊಡನೆ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಆ ಡಿಸ್ಕನ್ನು ಗುರುತಿಸಬೇಕು. ಅದರೊಳಗೆ ತನಗೆ ಅರ್ಥವಾಗುವ ಬೂಟ್ ಕಡತ ಸಿಗಬೇಕು. ಆ ಕಡತದ ಡಿಜಿಟಲ್ ಸಹಿಯನ್ನು ಒಪ್ಪಬೇಕು. ಆಮೇಲೆ ಆ ಬೂಟ್ ಕಡತ, ಅಂದರೆ ಬೂಟ್‌ಲೋಡರ್, ಎದ್ದು ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲನ್ನೋ ವಿಂಡೋಸಿನ ಪುಟ್ಟ ರೂಪವಾದ ವಿಂಡೋಸ್ ಪಿಇಯನ್ನೋ ಮೆಮೊರಿಗೆ ತರಬೇಕು. ಎದ್ದ ಆ ವ್ಯವಸ್ಥೆಗೆ ಪರದೆ, ಕೀಬೋರ್ಡ್, ಯುಎಸ್‌ಬಿ ಕಾಣಬೇಕು. ಕೊನೆಗೆ, ನಾವು ಯಾವುದಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದೇವೋ ಕಡತಗಳಿರುವ ಆ ಒಳಗಿನ ಡ್ರೈವ್, ಅಂದರೆ ಎಸ್‌ಎಸ್‌ಡಿ, ಕಾಣಬೇಕು. ಇವುಗಳಲ್ಲಿ ಎಲ್ಲಿ ತಡೆಯಾಯಿತು ಎಂಬುದನ್ನು ಪರದೆಯ ಮೇಲಿನ ಕೊನೆಯ ದೃಶ್ಯವೇ ಹೇಳುತ್ತದೆ. ಆದ್ದರಿಂದ ಯಾವ ಸೆಟ್ಟಿಂಗನ್ನೂ ಬದಲಿಸುವ ಮೊದಲು ಆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಏನೇನೋ ಬದಲಿಸಿದ ಮೇಲೆ ‘ಮೊದಲು ಏನು ಬಂದಿತ್ತು’ ಎಂದು ಕೇಳಿದರೆ ಹೇಳಲು ಯಾರಿಂದಲೂ ಆಗುವುದಿಲ್ಲ, ಅರ್ಧ ದಿನ ಅಲ್ಲೇ ಹೋಗುತ್ತದೆ.

ಮೊದಲು ಬಿಟ್‌ಲಾಕರ್ ಕೀ, ಆಮೇಲೆ ಮಿಕ್ಕದ್ದು

ವಿಂಡೋಸ್ 11 ಬಂದಿರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬಹುಪಾಲು ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯದಿಂದ ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ, ಏಕೆಂದರೆ ದಿನನಿತ್ಯ ಟಿಪಿಎಂ ಎಂಬ ಭದ್ರತಾ ಚಿಪ್ ಸದ್ದಿಲ್ಲದೆ ಬೀಗ ತೆರೆಯುತ್ತಿರುತ್ತದೆ. ನಂಬಿದ ಸಹಿಯಿರುವ ಬೂಟ್ ಕಡತವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಿದರೆ ಅಥವಾ ಫರ್ಮ್‌ವೇರಿನಲ್ಲಿ ಕೆಲವು ಬದಲಾವಣೆ ಮಾಡಿದರೆ ಟಿಪಿಎಂ ಬೀಗ ತೆರೆಯಲು ಒಪ್ಪುವುದಿಲ್ಲ. ಆಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಡಿಸ್ಕ್ ಬೂಟ್ ಆಗಿ ಒಳಗಿನ ಡ್ರೈವ್ ಕಂಡರೂ ಕಡತ ತೆಗೆಯಲು ಅದೇ ಕೀ ಬೇಕು.

ಆ ಕೀ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ, ಸಾಧನಗಳ ವಿವರದ ಜೊತೆಗೆ ಉಳಿದಿರುತ್ತದೆ. ಮೊಬೈಲ್‌ನಿಂದಲೇ ಲಾಗಿನ್ ಆಗಿ ನೋಡಬಹುದು. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನ ಐಟಿ ವಿಭಾಗದ ಬಳಿ ಇರುತ್ತದೆ. ಎಂಟು ಗುಂಪುಗಳಲ್ಲಿ ಆರಾರು ಅಂಕಿ. ಕಾಗದದ ಮೇಲೆ ಬರೆದುಕೊಂಡು, ಬರೆದದ್ದನ್ನು ಮತ್ತೊಮ್ಮೆ ತಾಳೆ ನೋಡಿ. ಕೀ ಕೈಗೆ ಬರುವವರೆಗೆ ಫರ್ಮ್‌ವೇರಿನ ಒಳಗೆ ಕೈ ಹಾಕಬೇಡಿ. ಅದರಲ್ಲೂ ‘ಕ್ಲಿಯರ್ ಟಿಪಿಎಂ’ ಎಂಬ ಆಯ್ಕೆಯ ಹತ್ತಿರವೂ ಹೋಗಬೇಡಿ. ಕೀ ಇಲ್ಲದೆ ಅದನ್ನು ಒತ್ತಿದರೆ ಆ ಡ್ರೈವಿನ ದತ್ತಾಂಶ ಯಾವ ಪರಿಣತರ ಕೈಗೂ ಸಿಗುವುದಿಲ್ಲ.

ಇನ್ನೊಂದು ಮಾತು. ಯಂತ್ರದ ಸ್ವಂತ ಎಸ್‌ಎಸ್‌ಡಿಯಲ್ಲೇ, ಕೆಟ್ಟ ವಿಂಡೋಸನ್ನು ದುರಸ್ತಿ ಮಾಡುವ ವಿಂಡೋಸ್ ರಿಕವರಿ ಪರಿಸರದ ಒಂದು ಪ್ರತಿ ಇರುತ್ತದೆ. ಸತತ ಎರಡು ಬಾರಿ ವಿಂಡೋಸ್ ಏಳಲು ವಿಫಲವಾದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ವಿಂಡೋಸಿನ ಲಾಗಿನ್ ಪರದೆಯವರೆಗೆ ಬರುತ್ತಿದ್ದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೂ ಸಾಕು. ತಯಾರಕರೇ ಕೊಟ್ಟ ವಿಂಡೋಸ್ ಆಗಿದ್ದರೆ ಈ ಪ್ರತಿಯಲ್ಲಿ ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳು ಬಹುತೇಕ ಸೇರಿಯೇ ಇರುತ್ತವೆ. ಹೊರಗಿನ ಡಿಸ್ಕಿಗಾಗಿ ಗುದ್ದಾಡುವ ಮುನ್ನ ಇದನ್ನು ನೋಡಿ.

ಡಿಸ್ಕೇ ಸರಿಯಿದೆಯೇ

ಇದಕ್ಕೆ ಹೆಚ್ಚು ಹೊತ್ತು ಬೇಡ. ಬರೆದ ಸಿ.ಡಿ., ಡಿ.ವಿ.ಡಿ.ಗಳು ನಮ್ಮ ಕರಾವಳಿಯ ತೇವದಲ್ಲಿ, ಬಿಸಿಲು ಬೀಳುವ ಕಪಾಟಿನಲ್ಲಿ ಕೆಲವು ವರ್ಷಗಳಲ್ಲೇ ಕೆಡಬಹುದು. ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಅದರ ಎಲ್ಲ ಕಡತಗಳನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ನೋಡಿ. ಮಧ್ಯದಲ್ಲಿ ಓದಲಾಗದೆ ನಿಂತರೆ ಡಿಸ್ಕೇ ಹೋಗಿದೆ. ಹೊರಗಿನ ಯುಎಸ್‌ಬಿ ಡಿ.ವಿ.ಡಿ. ಡ್ರೈವ್ ಬಳಸುತ್ತಿದ್ದರೆ ವಿದ್ಯುತ್ ಸಾಲದೆ ಹೋಗುವುದುಂಟು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ಹಬ್ ತೆಗೆದು ನೇರವಾಗಿ ಯಂತ್ರದ ಪೋರ್ಟಿಗೆ ಚುಚ್ಚಿ. ಪೆನ್‌ಡ್ರೈವ್ ಆಗಿದ್ದರೆ, ಇಳಿಸಿಕೊಂಡ ಐಎಸ್‌ಒ ಕಡತದ (ಇಡೀ ಡಿಸ್ಕನ್ನು ಒಂದೇ ಕಡತವಾಗಿ ಹಿಡಿದಿಟ್ಟ ಪ್ರತಿ) ಶಾ-256 ಮೊತ್ತವನ್ನು, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆಯನ್ನು, ಮೂಲ ತಾಣದಲ್ಲಿ ಕೊಟ್ಟಿರುವುದರೊಡನೆ ಹೋಲಿಸಿ, ಮತ್ತೆ ಬರೆಯಿರಿ. ಐಎಸ್‌ಒ ಕಡತವನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲು ಮಾಡಿಟ್ಟು ಬೂಟ್ ಆಗಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅದನ್ನು ರೂಫಸ್‌ನಂತಹ ತಂತ್ರಾಂಶದಿಂದಲೇ ಬರೆಯಬೇಕು.

ಬೂಟ್ ಮೆನುವಿನಲ್ಲಿ ಹೆಸರೇ ಬಾರದಿದ್ದರೆ

ಹೊಸ ಯಂತ್ರಗಳಲ್ಲಿ ಅತಿ ಹೆಚ್ಚು ಕಾಣುವ ತೊಡಕು ಇದೇ. ಬೂಟ್ ಮೆನು ಎಂದರೆ ಯಾವುದರಿಂದ ಏಳಬೇಕೆಂದು ಯಂತ್ರ ಕೇಳುವ ಪಟ್ಟಿ. ಮೊದಲು ಅದನ್ನು ತೆರೆಯುವ ಕೀ ಸರಿಯಿದೆಯೇ ನೋಡಿಕೊಳ್ಳಿ: ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್, ಎಂಎಸ್‌ಐಯಲ್ಲಿ ಎಫ್11. ಏಸರ್‌ನ ಕೆಲವು ಮಾದರಿಗಳಲ್ಲಿ ಎಫ್12 ಮೆನುವನ್ನು ಫರ್ಮ್‌ವೇರಿನೊಳಗೆ ಹೋಗಿ ಚಾಲೂ ಮಾಡಬೇಕು. ಶಟ್‌ಡೌನ್ ಮಾಡಿ ಎಬ್ಬಿಸಿದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅಡ್ಡ ಬರಬಹುದು, ಆದ್ದರಿಂದ ರೀಸ್ಟಾರ್ಟ್ ಕೊಟ್ಟು ಕೀ ಒತ್ತಿ.

ಮೆನು ಬಂದಿದೆ, ಎಸ್‌ಎಸ್‌ಡಿ ಕಾಣುತ್ತಿದೆ, ನಿಮ್ಮ ಡಿಸ್ಕ್ ಮಾತ್ರ ಇಲ್ಲ ಎಂದಾದರೆ ಕಾರಣ ಹೆಚ್ಚಾಗಿ ಒಂದೇ. ಡಿಸ್ಕ್ ಬಯಾಸ್ ಎಂಬ ಹಳೆಯ ಬಗೆಯ ಫರ್ಮ್‌ವೇರಿನ ಕಾಲದ್ದು, ಯಂತ್ರ ಯುಇಎಫ್‌ಐ ಎಂಬ ಹೊಸ ಬಗೆಯೊಂದನ್ನೇ ಬಲ್ಲದು.

ಬಯಾಸ್ ಕೆಲಸ ಮಾಡುತ್ತಿದ್ದ ರೀತಿ ಸರಳ. ಹಾರ್ಡ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ, ಅದರಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಹಿಡಿತ ಬಿಟ್ಟುಕೊಡುತ್ತಿತ್ತು. ಸಿ.ಡಿ.ಯಿಂದ ಬೂಟ್ ಮಾಡುವ ಬಗೆಯನ್ನು 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಎಲ್ ಟೊರಿಟೊ ಎಂಬ ಹೆಸರಿನಲ್ಲಿ ರೂಪಿಸಿದವು. ಯುಇಎಫ್‌ಐ ಹಾಗಲ್ಲ. ಅದಕ್ಕೆ ಫ್ಯಾಟ್ ಮಾದರಿಯ ಕಡತ ವ್ಯವಸ್ಥೆ ಬೇಕು. ಅದರಲ್ಲಿ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64’ ಎಂಬ ಹೆಸರಿನ, ಇಎಫ್‌ಐ ವಿಸ್ತರಣೆಯ ಕಡತ ಇರಬೇಕು. ಅದಿಲ್ಲದಿದ್ದರೆ ಯುಇಎಫ್‌ಐ ಪಾಲಿಗೆ ಅದು ಬೂಟ್ ಆಗುವ ಡಿಸ್ಕೇ ಅಲ್ಲ. ತಪ್ಪು ಸಂದೇಶವನ್ನೂ ಕೊಡದೆ ಸುಮ್ಮನೆ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ಹಾಗಾಗಿಯೇ ಜನ ಯುಎಸ್‌ಬಿ ಪೋರ್ಟನ್ನು ಅನುಮಾನಿಸುತ್ತಾರೆ.

ಕೆಲವು ವರ್ಷ ಈ ಎರಡೂ ಜೊತೆಯಾಗಿದ್ದವು. ಸಿಎಸ್‌ಎಂ ಅಥವಾ ಲೆಗಸಿ ಸಪೋರ್ಟ್ ಎಂಬ ಆಯ್ಕೆ ಚಾಲೂ ಮಾಡಿದರೆ ಯುಇಎಫ್‌ಐ ಯಂತ್ರ ಬಯಾಸಿನಂತೆ ವರ್ತಿಸುತ್ತಿತ್ತು. 2020ರ ಹೊತ್ತಿಗೆ ಇದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಈಗ ಬರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರಿನಲ್ಲಿ ಆ ಆಯ್ಕೆಯೇ ಇಲ್ಲ. ಹಳೆಯ ಲೇಖನ, ವಿಡಿಯೊಗಳಲ್ಲಿ ‘ಲೆಗಸಿ ಮೋಡ್‌ಗೆ ಬದಲಿಸಿ’ ಎಂದಿರುತ್ತದೆ. ನಿಮ್ಮ ಯಂತ್ರದಲ್ಲಿ ಅದನ್ನು ಹುಡುಕಿ ಸಿಗದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಇದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಆ ಆಯ್ಕೆ ಹಾಕಿ ಹಾಗೆಯೇ ಬಿಟ್ಟರೆ, ಯುಇಎಫ್‌ಐ ಪದ್ಧತಿಯಲ್ಲಿ ಸ್ಥಾಪಿಸಿದ್ದ ಒಳ್ಳೆಯ ವಿಂಡೋಸ್ ಕೂಡ ಏಳದೆ ಹೋಗಬಹುದು, ಒಂದು ದೋಷವಿದ್ದಲ್ಲಿ ಎರಡಾಗುತ್ತವೆ.

ನಮ್ಮಲ್ಲಿ ಬಹಳ ಓಡಾಡಿದ ಡಿಸ್ಕ್ ಹೈರೆನ್ಸ್ ಬೂಟ್‌ಸಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳವರೆಗೆ ಅದು ಇಲ್ಲದ ಮೇಜಿರಲಿಲ್ಲ. ಅದರ 15.2 ಆವೃತ್ತಿ 2012ರದ್ದು. ಒಳಗಿರುವುದು ಪುಟ್ಟ ವಿಂಡೋಸ್ ಎಕ್ಸ್‌ಪಿ ಮತ್ತು ಡಾಸ್ ಸಾಧನಗಳು. ಅದು ಹೊಸ ಯಂತ್ರದಲ್ಲಿ ಏಳುವುದಿಲ್ಲ, ಏಳಿಸಲು ಹೊತ್ತು ಕಳೆಯಬೇಡಿ. ವಿಂಡೋಸ್ ಪಿಇ ಆಧಾರದ ಮೇಲೆ ಮರಳಿ ಕಟ್ಟಿದ ಹೈರೆನ್ಸ್ ಬೂಟ್‌ಸಿಡಿ ಪಿಇ ಎಂಬ ಬೇರೆಯದೇ ಡಿಸ್ಕ್ ಇದೆ, ಅದು ಯುಇಎಫ್‌ಐಯಲ್ಲಿ ಬೂಟ್ ಆಗುತ್ತದೆ. ಮೆಮೊರಿ ಪರೀಕ್ಷೆಯ ಮೆಮ್‌ಟೆಸ್ಟ್86+ ಕೂಡ 2022ರ 6ನೆಯ ಆವೃತ್ತಿಯಿಂದಷ್ಟೇ ಯುಇಎಫ್‌ಐಗೆ ಹೊಂದಿಕೊಂಡಿತು; 5ನೆಯ ಆವೃತ್ತಿಯ ಸಿ.ಡಿ. ಇಟ್ಟುಕೊಂಡವರು ಬದಲಾಯಿಸಿಕೊಳ್ಳಬೇಕು.

ಡಿಸ್ಕ್ ಹೊಸದೇ ಆಗಿದ್ದರೂ ಪೆನ್‌ಡ್ರೈವಿಗೆ ಬರೆದ ರೀತಿ ತಪ್ಪಿರಬಹುದು. ಕೆಲವು ಯಂತ್ರಗಳು ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿರುವ ಪೆನ್‌ಡ್ರೈವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಫ್ಯಾಟ್32ರಲ್ಲಿ ಇಡೋಣವೆಂದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ, ವಿಂಡೋಸ್ ಸ್ಥಾಪನಾ ಡಿಸ್ಕಿನ ‘ಇನ್‌ಸ್ಟಾಲ್’ ಡಬ್ಲ್ಯೂಐಎಂ ಕಡತ ಅದನ್ನು ಮೀರುವುದುಂಟು. ಆ ಕಡತವನ್ನು ವಿಂಡೋಸಿನ ಡಿಸ್ಮ್ ಎಂಬ ಸಾಧನದಿಂದ ತುಂಡು ಮಾಡಬಹುದು. ಸುಲಭದ ದಾರಿ ಬೇಕೆಂದರೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಪೆನ್‌ಡ್ರೈವನ್ನು ಹೊಸದಾಗಿ ಮಾಡಿ. ರೂಫಸ್‌ನಲ್ಲಿ ಬರೆಯುವಾಗ ಜಿಪಿಟಿ ಮತ್ತು ಯುಇಎಫ್‌ಐ ಎಂಬ ಆಯ್ಕೆಗಳನ್ನು ಆಯ್ದುಕೊಂಡಿರಬೇಕು. ಕೆಲವು ಲಿನಕ್ಸ್ ಡಿಸ್ಕ್‌ಗಳು ಅದೇ ರೂಫಸ್‌ನ ಐಎಸ್‌ಒ ಪದ್ಧತಿಯಲ್ಲಿ ಬರೆದಾಗ ಏಳದೆ, ಡಿಡಿ ಪದ್ಧತಿಯಲ್ಲಿ ಬರೆದಾಗ ಏಳುತ್ತವೆ.

ಒಂದೇ ಡಿಸ್ಕ್ ಪಟ್ಟಿಯಲ್ಲಿ ಎರಡು ಸಲ ಕಂಡರೆ ಗಾಬರಿ ಬೇಡ. ಹೆಸರಿನ ಮೊದಲಿಗೆ ಯುಇಎಫ್‌ಐ ಎಂದಿರುವುದನ್ನೇ ಆಯ್ದುಕೊಳ್ಳಿ.

ಇನ್ನೊಂದು ವರ್ಗವಿದೆ. 2024ರ ಜೂನ್‌ನಿಂದ ಮಾರುಕಟ್ಟೆಗೆ ಬಂದ ಸ್ನ್ಯಾಪ್‌ಡ್ರಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳದ್ದು ಎಆರ್‌ಎಂ ಪ್ರೊಸೆಸರ್. ಇಂಟೆಲ್, ಎಎಂಡಿ ಯಂತ್ರಗಳಿಗೆ ಮಾಡಿದ ಯಾವ ಡಿಸ್ಕೂ ಅವುಗಳಲ್ಲಿ ಏಳುವುದಿಲ್ಲ. ಸೆಟ್ಟಿಂಗ್ ಬದಲಿಸಿ ಸರಿಪಡಿಸುವಂಥದ್ದು ಏನೂ ಇಲ್ಲ. ಆ ಪ್ರೊಸೆಸರಿಗೆಂದೇ ಮಾಡಿದ ಡಿಸ್ಕ್ ಬೇಕು.

ಹೆಸರು ಕಂಡಿತು, ಆರಿಸಿದೊಡನೆ ನಿರಾಕರಿಸಿತು

ಆರಿಸಿದ ತಕ್ಷಣ ‘ಸೆಕ್ಯೂರ್ ಬೂಟ್ ವಯಲೇಷನ್’, ‘ಇನ್‌ವ್ಯಾಲಿಡ್ ಸಿಗ್ನೇಚರ್ ಡಿಟೆಕ್ಟೆಡ್’, ‘ಸೆಲೆಕ್ಟೆಡ್ ಬೂಟ್ ಇಮೇಜ್ ಡಿಡ್ ನಾಟ್ ಅಥೆಂಟಿಕೇಟ್’ ಇಂಥ ಸಾಲು ಬಂದರೆ ದೋಷ ಮೂರನೆಯ ಹಂತದಲ್ಲಿದೆ ಎಂದು ನಿಶ್ಚಿಂತೆಯಿಂದ ಹೇಳಬಹುದು. ಕೆಲವು ಯಂತ್ರಗಳು ಏನನ್ನೂ ಹೇಳದೆ ಮೆನುವಿಗೇ ವಾಪಸ್ ತಂದು ನಿಲ್ಲಿಸುತ್ತವೆ. ಅದೂ ಬಹಳ ಸಲ ಇದೇ ದೋಷ.

ಸೆಕ್ಯೂರ್ ಬೂಟ್ ಎರಡು ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದರಲ್ಲಿ ತಾನು ನಂಬುವ ಪ್ರಮಾಣಪತ್ರಗಳು, ಇನ್ನೊಂದರಲ್ಲಿ ರದ್ದಾದವು. ಹಳೆಯ ಡಿಸ್ಕ್ ತೊಂದರೆಗೆ ಸಿಲುಕುವುದು ಈ ಎರಡನೆಯ ಪಟ್ಟಿಯಿಂದ. 2020ರ ಜುಲೈಯಲ್ಲಿ ಲಿನಕ್ಸ್ ಡಿಸ್ಕ್‌ಗಳ ಗ್ರಬ್ ಎಂಬ ಬೂಟ್‌ಲೋಡರಿನಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ಲೋಪ ಬಯಲಾಯಿತು. ಅದಕ್ಕಿಂತ ಮುಂಚಿನ ಹಲವು ಲಿನಕ್ಸ್ ಬೂಟ್ ಕಡತಗಳು ರದ್ದುಪಟ್ಟಿಗೆ ಹೋದವು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಎಷ್ಟೋ ಯಂತ್ರಗಳಲ್ಲಿ ಹಳೆಯ ಲಿನಕ್ಸ್ ಡಿಸ್ಕ್‌ಗಳು ‘ವೆರಿಫೈಯಿಂಗ್ ಶಿಮ್ ಎಸ್‌ಬಿಎಟಿ ಡೇಟಾ ಫೇಲ್ಡ್’ ಎಂದು ಹೇಳಿ ನಿಂತವು. ಅಂದರೆ ಡಿಸ್ಕಿನಲ್ಲಿ ಒಂದು ಬೈಟ್ ಕೂಡ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ನಿನ್ನೆ ಒಪ್ಪಿದ್ದ ಸಹಿಯನ್ನು ಇಂದು ಒಪ್ಪುತ್ತಿಲ್ಲ ಅಷ್ಟೇ. ಮದ್ದು ಒಂದೇ: ಅದೇ ರಿಕವರಿ ಡಿಸ್ಕಿನ ಇತ್ತೀಚಿನ ಆವೃತ್ತಿ ಇಳಿಸಿಕೊಂಡು ಮತ್ತೆ ಬರೆಯುವುದು.

ವಿಂಡೋಸ್ ಡಿಸ್ಕ್‌ಗಳೂ ಇದರಿಂದ ಹೊರತಲ್ಲ. ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ (ಬೂಟ್ ಹಂತದಲ್ಲೇ ನುಸುಳುವ ಕುತಂತ್ರಾಂಶ) ದಾಳಿಯ ನಂತರ ಮೈಕ್ರೋಸಾಫ್ಟ್ 2023ರಿಂದ ತನ್ನ 2011ರ ಪ್ರಮಾಣಪತ್ರದಿಂದ 2023ರ ಪ್ರಮಾಣಪತ್ರಕ್ಕೆ ಸರಿಯುತ್ತಿದೆ. ಹಳೆಯದನ್ನು ರದ್ದುಗೊಳಿಸಿದ ಯಂತ್ರದಲ್ಲಿ ಹಳೆಯ ವಿಂಡೋಸ್ ರಿಕವರಿ ಪೆನ್‌ಡ್ರೈವ್ ಏಳದು. ಹೊಸದನ್ನು ಸೇರಿಸಿಕೊಳ್ಳದ ಯಂತ್ರದಲ್ಲಿ ಹೊಸ ಸಹಿ ಮಾತ್ರ ಇರುವ ಪೆನ್‌ಡ್ರೈವ್ ಏಳದು. 2011ರ ಪ್ರಮಾಣಪತ್ರಗಳ ಅವಧಿಯೂ 2026ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದೊಂದಾಗಿ ಮುಗಿಯುತ್ತದೆ. ಅವಧಿ ಮುಗಿದ ದಿನವೇ ಯಂತ್ರ ನಿಲ್ಲುತ್ತದೆ ಎಂಬ ಮಾತು ಹರಿದಾಡುತ್ತಿದೆ, ಅದು ಸರಿಯಲ್ಲ. ಅವಧಿ ಮುಗಿದರೂ ಬೂಟ್ ಆಗುತ್ತಿರುತ್ತದೆ, ಬೂಟ್ ಸಂಬಂಧಿ ಭದ್ರತಾ ಅಪ್‌ಡೇಟ್‌ಗಳು ಸಿಗುವುದಿಲ್ಲ. ರದ್ದಾಗುವುದು ಬೇರೆ, ಅವಧಿ ಮುಗಿಯುವುದು ಬೇರೆ.

ಇನ್ನೂ ಒಂದು ಸೂಕ್ಷ್ಮವಿದೆ. ಲಿನಕ್ಸ್ ಡಿಸ್ಕ್‌ಗಳ ಸಹಿ ಮೈಕ್ರೋಸಾಫ್ಟಿನ ‘ಥರ್ಡ್ ಪಾರ್ಟಿ’ ಪ್ರಮಾಣಪತ್ರದ್ದು. ಸೆಕ್ಯೂರ್ಡ್ ಕೋರ್ ಎಂಬ ವರ್ಗದ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಕಾರ್ಖಾನೆಯಲ್ಲೇ ಆಫ್ ಮಾಡಿರುತ್ತಾರೆ. ಆಗ ವಿಂಡೋಸ್ ಡಿಸ್ಕ್ ಏಳುತ್ತದೆ, ಕ್ಲೋನ್‌ಜಿಲ್ಲಾದಂಥ ಲಿನಕ್ಸ್ ಡಿಸ್ಕ್ ಏಳುವುದಿಲ್ಲ. ಫರ್ಮ್‌ವೇರಿನ ಸೆಕ್ಯೂರ್ ಬೂಟ್ ಪುಟದಲ್ಲಿ ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’ ಎಂಬ ಸಾಲನ್ನು ಚಾಲೂ ಮಾಡಿದರೆ ಸಾಕು, ಸೆಕ್ಯೂರ್ ಬೂಟನ್ನು ಪೂರ್ತಿ ಆಫ್ ಮಾಡುವ ಅಗತ್ಯವಿಲ್ಲ. ಹಲವು ಐಎಸ್‌ಒಗಳನ್ನು ಒಂದರಲ್ಲೇ ಇಟ್ಟು ಬೂಟ್ ಮಾಡಿಸುವ ವೆಂಟಾಯ್ ಪೆನ್‌ಡ್ರೈವ್ ಬಳಸುವವರಿಗೆ ಮೊದಲ ಸಲ ನೀಲಿ ಪರದೆಯಲ್ಲಿ ‘ಎನ್‌ರೋಲ್ ಕೀ’ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಒಪ್ಪಿ ಮುಂದೆ ಹೋಗಬೇಕು, ಅದು ದೋಷವಲ್ಲ.

ಬೇರೆ ದಾರಿಯಿಲ್ಲದಾಗ, ಬಿಟ್‌ಲಾಕರ್ ಕೀ ಕೈಯಲ್ಲಿರುವಾಗ, ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡುವುದರಲ್ಲಿ ತಪ್ಪಿಲ್ಲ. ಏಸರ್ ಯಂತ್ರಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಡುವವರೆಗೆ ಆ ಆಯ್ಕೆ ಮಂಕಾಗಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಚಾಲೂ ಮಾಡಲು ಮರೆಯಬೇಡಿ. ಆದರೆ ‘ಕ್ಲಿಯರ್ ಸೆಕ್ಯೂರ್ ಬೂಟ್ ಕೀಸ್’ ಬೇರೆಯದೇ ಆಯ್ಕೆ. ಅದನ್ನು ಮುಟ್ಟಬೇಡಿ.

ಮೆನುವಿನ ಆಚೆ ಹೋಗಿ ಕಪ್ಪಾದರೆ

ಡಿಸ್ಕಿನದೇ ಮೆನು ಬಂತು, ಆರಿಸಿದ ಮೇಲೆ ಕಪ್ಪು ಪರದೆ. ಇಲ್ಲಿಗೆ ಬಂದಿರೆಂದರೆ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ. ಇನ್ನು ಸೆಕ್ಯೂರ್ ಬೂಟ್ ಮತ್ತಿತರ ಸೆಟ್ಟಿಂಗ್‌ಗಳ ಕಡೆ ಮತ್ತೆ ತಿರುಗಬೇಕಾಗಿಲ್ಲ.

ಲಿನಕ್ಸ್ ಡಿಸ್ಕ್ ಆಗಿದ್ದರೆ ಮೊದಲ ಅನುಮಾನ ಗ್ರಾಫಿಕ್ಸ್ ಮೇಲೆ. ಡಿಸ್ಕ್ ತಯಾರಾದ ಮೇಲೆ ಹುಟ್ಟಿದ ಗ್ರಾಫಿಕ್ಸ್ ಚಿಪ್ಪನ್ನು ಅದರ ಕರ್ನಲ್ ಅರಿಯದು. ಗ್ರಬ್ ಮೆನುವಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಸೇರಿಸಿ, ಎಫ್10 ಒತ್ತಿ. ಪರದೆ ಒರಟಾಗಿ ಕಂಡರೂ ಕೆಲಸ ನಡೆಯುತ್ತದೆ.

ಅಕ್ಷರಗಳು ಸಾಲುಸಾಲಾಗಿ ಓಡಿ ಬಂದು ‘ಲೈವ್ ಫೈಲ್ ಸಿಸ್ಟಂ ಇರುವ ಮಾಧ್ಯಮ ಸಿಗುತ್ತಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲಿನಲ್ಲಿ ನಿಂತರೆ ನಡೆದದ್ದು ಹೀಗೆ: ಕರ್ನಲನ್ನು ಪೆನ್‌ಡ್ರೈವಿನಿಂದ ಎತ್ತಿ ತಂದದ್ದು ಫರ್ಮ್‌ವೇರಿನ ಶಕ್ತಿ. ಎದ್ದು ನಿಂತ ಮೇಲೆ ಕರ್ನಲ್ ತನ್ನ ಸ್ವಂತ ಡ್ರೈವರಿನಿಂದ ಅದೇ ಪೆನ್‌ಡ್ರೈವನ್ನು ಮತ್ತೆ ಹುಡುಕಬೇಕು, ಆ ಡ್ರೈವರ್ ಅದರಲ್ಲಿಲ್ಲ. ಬೇರೆ ಪೋರ್ಟಿಗೆ, ಸಾಧ್ಯವಾದರೆ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿ ನೋಡಿ. ಆಗದಿದ್ದರೆ ಹೊಸ ಕರ್ನಲ್ ಇರುವ ಆವೃತ್ತಿ ಬೇಕು. ವಿಂಡೋಸ್ ಪಿಇ ಡಿಸ್ಕ್‌ಗಳಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಅದು ಪೂರ್ತಿಯಾಗಿ ಮೆಮೊರಿಗೆ ಬಂದ ಮೇಲೇ ಏಳುತ್ತದೆ.

ವಿಂಡೋಸ್ 7ರ ಡಿಸ್ಕ್ ಹೊಸ ಯಂತ್ರದಲ್ಲಿ ‘ಸ್ಟಾರ್ಟಿಂಗ್ ವಿಂಡೋಸ್’ ಎಂಬಲ್ಲಿ ನಿಂತುಬಿಡುತ್ತದೆ, ಏಕೆಂದರೆ ಅದಕ್ಕೆ ಸಿಎಸ್‌ಎಂ ಕೊಡುತ್ತಿದ್ದ, ಪರದೆಗೆ ಸಂಬಂಧಿಸಿದ ಹಳೆಯ ವಿಜಿಎ ಸೌಲಭ್ಯ ಬೇಕು. ಅದನ್ನೂ ದಾಟಿಸಿದಿರೆಂದರೆ ಕೀಬೋರ್ಡ್, ಮೌಸ್ ಕೆಲಸ ಮಾಡುವುದಿಲ್ಲ, ಅದರಲ್ಲಿ ಯುಎಸ್‌ಬಿ 3ರ ಡ್ರೈವರೇ ಇಲ್ಲ. ಅದನ್ನೂ ಸೇರಿಸಿದರೆ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಕಾಣುವುದಿಲ್ಲ. ಇಷ್ಟು ಅಡ್ಡಿಗಳನ್ನು ಒಂದೊಂದಾಗಿ ದಾಟುವ ಶ್ರಮಕ್ಕೆ ಬದಲು ವಿಂಡೋಸ್ 11ರ ಸ್ಥಾಪನಾ ಪೆನ್‌ಡ್ರೈವಿನಲ್ಲಿರುವ ದುರಸ್ತಿ ಆಯ್ಕೆ ಬಳಸಿ.

ಡಿಸ್ಕ್ ಎದ್ದಿತು, ಒಳಗಿನ ಡ್ರೈವ್ ಕಾಣುತ್ತಿಲ್ಲ

ಈ ಹಂತದಲ್ಲೇ ಅನಾಹುತಗಳು ನಡೆಯುವುದು. ಎಲ್ಲವೂ ಸರಿಯಾಗಿ ಎದ್ದಿದೆ, ಪಟ್ಟಿಯಲ್ಲಿ ಪೆನ್‌ಡ್ರೈವ್ ಮಾತ್ರ ಇದೆ, 512 ಜಿಬಿ ಎಸ್‌ಎಸ್‌ಡಿ ಇಲ್ಲ. ಎಸ್‌ಎಸ್‌ಡಿ ಸುಟ್ಟಿದೆ ಎಂದು ಹೇಳಿ ಹೊಸದು ಹಾಕಿದ ಉದಾಹರಣೆಗಳನ್ನು ಕಂಡು ಮನಸ್ಸು ನೊಂದಿದೆ. ಫರ್ಮ್‌ವೇರಿನ ಮಾಹಿತಿ ಪುಟಕ್ಕೆ ಹೋಗಿ ನೋಡಿ: ಅಲ್ಲಿ ಎಸ್‌ಎಸ್‌ಡಿಯ ಹೆಸರು ಇದ್ದರೆ ಅದು ಬದುಕಿದೆ, ಡಿಸ್ಕಿನಲ್ಲಿ ಡ್ರೈವರ್ ಇಲ್ಲ.

ಇಂಟೆಲ್‌ನ 11ನೆಯ ತಲೆಮಾರಿನಿಂದೀಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಮೈಕ್ರೋಸಾಫ್ಟಿನ ಸ್ಥಾಪನಾ ಡಿಸ್ಕಿನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ‘ಯಾವ ಡ್ರೈವೂ ಸಿಗಲಿಲ್ಲ’ ಎನ್ನುತ್ತದೆ. ಇದಕ್ಕೆ ಎರಡು ದಾರಿ ಹೇಳುತ್ತಾರೆ. ಮೊದಲನೆಯದು ಫರ್ಮ್‌ವೇರಿನಲ್ಲಿ ವಿಎಂಡಿ ಆಫ್ ಮಾಡುವುದು. ಇದರಿಂದ ಡ್ರೈವ್ ಕಾಣುತ್ತದೆ ನಿಜ, ಆದರೆ ಮರಳಿ ಚಾಲೂ ಮಾಡದಿದ್ದರೆ ಅದರಲ್ಲಿರುವ ವಿಂಡೋಸ್ ‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಕಡತ ನಕಲು ಮಾಡಿಕೊಳ್ಳುವಷ್ಟು ಹೊತ್ತು ಆಫ್ ಮಾಡಿ ಮತ್ತೆ ಚಾಲೂ ಮಾಡುವುದಾದರೆ ನಡೆಯುತ್ತದೆ. ಎರಡನೆಯದು ನನಗೆ ಮೆಚ್ಚಿನ ದಾರಿ: ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಮಾದರಿಯ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿ, ಬಿಚ್ಚಿ, ಐಎನ್‌ಎಫ್ ಕಡತಗಳಿರುವ ಫೋಲ್ಡರನ್ನು ಅದೇ ಪೆನ್‌ಡ್ರೈವಿನಲ್ಲಿಡಿ. ಸ್ಥಾಪನಾ ಪರದೆಯಲ್ಲಿ ‘ಲೋಡ್ ಡ್ರೈವರ್’ ಕೊಟ್ಟರೆ, ಅಥವಾ ಪಿಇಯ ಕಮಾಂಡ್ ಕಿಟಕಿಯಲ್ಲಿ ‘ಡಿಆರ್‌ವಿಲೋಡ್’ ಆದೇಶದ ಮುಂದೆ ಆ ಐಎನ್‌ಎಫ್ ಕಡತದ ಹಾದಿ ಕೊಟ್ಟರೆ, ಮರುಕ್ಷಣ ಡ್ರೈವ್ ಕಾಣುತ್ತದೆ. ಯಂತ್ರದ ಸೆಟ್ಟಿಂಗ್ ಬದಲಾಗುವುದಿಲ್ಲ, ಒಳಗಿನ ವಿಂಡೋಸಿಗೂ ತೊಂದರೆಯಿಲ್ಲ.

ಡ್ರೈವ್ ಕಂಡ ಮೇಲೆ ‘ಡಿಸ್ಕನ್ನು ಇನಿಷಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂಬ ಪ್ರಶ್ನೆ ಬಂದರೆ ಬೇಡ ಎನ್ನಿ. ಬಿಟ್‌ಲಾಕರ್ ಬೀಗ ಹಾಕಿದ ವಿಭಾಗ ಅದನ್ನು ಅರಿಯದ ಸಾಧನಕ್ಕೆ ಖಾಲಿಯಂತೆ ಕಾಣುತ್ತದೆ, ಅದಕ್ಕೇ ಹಾಗೆ ಕೇಳುತ್ತದೆ.

ಹಳೆಯ ಯಂತ್ರದ ಇಮೇಜನ್ನು ಹೊಸದಕ್ಕೆ ಇಳಿಸಬೇಕೆಂದವರಿಗೆ

ಡಿ.ಟಿ.ಪಿ. ಕೇಂದ್ರಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಈ ಬೇಡಿಕೆ ಸಹಜ. ಹತ್ತಾರು ವರ್ಷ ನುಡಿಯಲ್ಲಿ, ಶ್ರೀಲಿಪಿಯಲ್ಲಿ ಕೂರಿಸಿದ ಲಗ್ನಪತ್ರಿಕೆ, ಪುಸ್ತಕ, ಸ್ಮರಣ ಸಂಚಿಕೆಗಳು ಹಳೆಯ ವಿಂಡೋಸಿನಲ್ಲಿರುತ್ತವೆ. ಅದರ ಪೂರ್ತಿ ಪ್ರತಿಯನ್ನು, ಅಂದರೆ ಇಮೇಜನ್ನು, ಘೋಸ್ಟ್ ತಂತ್ರಾಂಶದಲ್ಲಿ ತೆಗೆದಿಟ್ಟಿರುತ್ತಾರೆ. ನಾರ್ಟನ್ ಘೋಸ್ಟ್ ಮಾರಾಟ 2013ರಲ್ಲೇ ನಿಂತಿತು. ಅದರ ಡಾಸ್ ಡಿಸ್ಕ್ ಹೊಸ ಯಂತ್ರದಲ್ಲಿ ಏಳುವುದಿಲ್ಲ. ಹೇಗೋ ಇಮೇಜ್ ಇಳಿಸಿದರೂ ಅದು ಬಯಾಸ್ ಕಾಲದ ಎಂಬಿಆರ್ ಪದ್ಧತಿಯದ್ದು, ಯುಇಎಫ್‌ಐ ಅದನ್ನು ಬೂಟ್ ಮಾಡುವುದಿಲ್ಲ.

ಇಲ್ಲಿ ಬೇಕಾದದ್ದು ಹಳೆಯ ವಿಂಡೋಸ್ ಅಲ್ಲ, ಅದರೊಳಗಿನ ದುಡಿಮೆ. ಹೊಸ ವಿಂಡೋಸಿನೊಳಗೇ ಘೋಸ್ಟ್ ಎಕ್ಸ್‌ಪ್ಲೋರರ್‌ನಿಂದ ಆ ಇಮೇಜ್ ತೆರೆದು ಕಡತಗಳನ್ನು ಎಳೆದುಕೊಳ್ಳಿ. ಡಬ್ಲ್ಯೂಐಎಂ ಮಾದರಿಯದ್ದಾದರೆ 7-ಜಿಪ್ ಸಾಕು. ಕಡತಗಳ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ತಪ್ಪದೆ ತೆಗೆದುಕೊಳ್ಳಿ. ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಟೈಪಿಸಿದ ಪುಟ, ನುಡಿ 01 ಇ ಮುಂತಾದ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕಡತ ಹಾಳಾಯಿತೆಂದು ಅಳಿಸಿದವರಿದ್ದಾರೆ. ಹಳೆಯ ತಂತ್ರಾಂಶ ನಡೆಸಲೇಬೇಕಾದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಬಯಾಸ್ ಮಾದರಿಯ ಯಂತ್ರವೊಂದನ್ನು ಮಾಡಿ, ಇಮೇಜನ್ನು ಅದರೊಳಗೆ ಇಳಿಸಿ. ಹಳೆಯ ರಿಕವರಿ ಡಿಸ್ಕ್ ಅಲ್ಲಿ ಇಂದಿಗೂ ಬೂಟ್ ಆಗುತ್ತದೆ.

ಹೊಸ ಯಂತ್ರಕ್ಕೆ ಹೊಸ ಡಿಸ್ಕ್

ವಿಂಡೋಸ್ ಸರಿಯಾಗಿ ಎದ್ದ ದಿನವೇ ಕನಿಷ್ಠ 16 ಜಿಬಿ ಪೆನ್‌ಡ್ರೈವ್ ಹಾಕಿ, ‘ಕ್ರಿಯೇಟ್ ಎ ರಿಕವರಿ ಡ್ರೈವ್’ ನಡೆಸಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ಯಂತ್ರದ ಸಂಖ್ಯೆ ಕೊಟ್ಟರೆ ಆ ಮಾದರಿಗೆಂದೇ ಸಿದ್ಧಪಡಿಸಿದ ರಿಕವರಿ ಪ್ರತಿಯನ್ನು ಇಳಿಸಿಕೊಳ್ಳಲು ಬಿಡುತ್ತವೆ. ಒಂದು ಮಾದರಿಗೆ ಕೊಟ್ಟದ್ದನ್ನು ಇನ್ನೊಂದಕ್ಕೆ ಹಾಕಲು ಹೋಗಬೇಡಿ. ಬ್ಯಾಕಪ್ ತಂತ್ರಾಂಶದ ರೆಸ್ಕ್ಯೂ ಡಿಸ್ಕ್ ಮಾಡುವುದಾದರೆ ಹೊಸ ಯಂತ್ರದಲ್ಲೇ ಕುಳಿತು ಮಾಡಿ, ಆಗ ಅದರ ಡ್ರೈವರ್‌ಗಳು ತಾವಾಗಿ ಸೇರಿಕೊಳ್ಳುತ್ತವೆ.

ಮಾಡಿದ ಮೇಲೆ ಒಮ್ಮೆ ಬೂಟ್ ಮಾಡಿ, ಒಳಗಿನ ಡ್ರೈವ್ ಕಾಣುತ್ತದೆಯೇ, ಕೀಬೋರ್ಡ್ ಸ್ಪಂದಿಸುತ್ತದೆಯೇ, ಬಿಟ್‌ಲಾಕರ್ ಕೀ ಕೊಟ್ಟರೆ ತೆರೆಯುತ್ತದೆಯೇ ನೋಡಿ, ಏನನ್ನೂ ಬದಲಿಸದೆ ಹೊರಬನ್ನಿ. ದೊಡ್ಡ ಅಪ್‌ಡೇಟ್‌ಗಳ ನಂತರ ಯಂತ್ರದೊಳಗಿನ ರಿಕವರಿ ಪರಿಸರವನ್ನೂ ಹೀಗೆಯೇ ತೆರೆದು ನೋಡಿ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಬಂದಾಗ ಆ ರಿಕವರಿ ಪರಿಸರದಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ನಿಂತುಹೋದವು. ವಿಂಡೋಸ್ ಮಾಮೂಲಿನಂತೆ ನಡೆಯುತ್ತಿದ್ದುದರಿಂದ ರಿಕವರಿ ತೆರೆದವರಿಗಷ್ಟೇ ಅದು ಗೊತ್ತಾಯಿತು. ಮೈಕ್ರೋಸಾಫ್ಟ್ ಅಕ್ಟೋಬರ್ 20ರಂದು ತುರ್ತು ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಪೆನ್‌ಡ್ರೈವಿನ ಮೇಲೆ ಯಂತ್ರದ ಮಾದರಿ, ಮಾಡಿದ ತಿಂಗಳು ಮತ್ತು ವರ್ಷ ಬರೆದ ಚೀಟಿ ಅಂಟಿಸಿ. 48 ಅಂಕಿಗಳ ಕೀ ಬರೆದ ಕಾಗದವನ್ನು ಮಾತ್ರ ಅದರ ಜೊತೆಗಾಗಲಿ, ಲ್ಯಾಪ್‌ಟಾಪ್ ಚೀಲದಲ್ಲಾಗಲಿ ಇಡಬೇಡಿ. ಮನೆಯ ಪತ್ರಗಳಿರುವಲ್ಲಿ ಇಡಿ.